ಹೊಗೆ ಬರುತ್ತಿದ್ದ ಲಾರಿ

ಸೈಬೀರಿಯಾದ ಯಾಕುತಿಯಾದಲ್ಲಿ ನದಿ ಹೆಪ್ಪುಗಟ್ಟಿ ಅದೇ ಹೆದ್ದಾರಿಯಾಗುವ ತಿಂಗಳುಗಳಲ್ಲಿ ಲಾರಿ ಓಡಿಸುವವರೆಲ್ಲ ಒಂದು ಮಾತನ್ನು ಕಣ್ಣು ಮುಚ್ಚಿ ನಂಬುತ್ತಾರೆ. ದಾರಿಬದಿಯಲ್ಲಿ ನಿಂತ ಲಾರಿಯಿಂದ ಹೊಗೆ ಬರುತ್ತಿದ್ದರೆ ಒಳಗೆ ಚಾಲಕ ಮಲಗಿದ್ದಾನೆ ಎಂದು ಅರ್ಥ. ನವೆಂಬರಿನಲ್ಲಿ ಚಾಲೂ ಮಾಡಿದ ಎಂಜಿನ್ನನ್ನು ಮಾರ್ಚ್ ಕಳೆಯುವ ತನಕ ಯಾರೂ ಆರಿಸುವುದಿಲ್ಲ. ಸೊನ್ನೆಯಿಂದ ಐವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಆರಿಸಿದರೆ ಅದು ಮತ್ತೆ ಏಳುವುದಿಲ್ಲ, ಆರಿಸಿದವನೂ ಏಳುವುದಿಲ್ಲ. ಹಾಗಾಗಿ ಹೊಗೆ ಇದ್ದರೆ ಜೀವ ಇದ್ದಂತೆ, ಮಲಗಿದವನನ್ನು ಎಬ್ಬಿಸುವುದು ಪಾಪ.

ಆ ಪಾಪವನ್ನು ಮೂವತ್ತು ಚಳಿಗಾಲ ಬಿಡದೆ ಮಾಡಿದವನು ಪ್ರೊಕೋಪಿ ವಿನೊಕುರೊವ್. ನಿಂತ ಲಾರಿ ಕಂಡರೆ ಸಾಕು, ತನ್ನದನ್ನೂ ನಿಲ್ಲಿಸಿ, ಕೈಗವಸು ಎಳೆದುಕೊಂಡು ಇಳಿದು ಹೋಗಿ ಬಾಗಿಲು ಬಡಿಯುತ್ತಿದ್ದ. ಒಳಗಿನಿಂದ ಬೈಗುಳ ಬಂದರೆ ಸಮಾಧಾನದಿಂದ ತಿರುಗಿ ಬರುತ್ತಿದ್ದ. ಬೈಯುವುದರಲ್ಲಿ ಎರ್ಚಿಮೆನ್‌ನನ್ನು ಮೀರಿಸಿದವರಿಲ್ಲ. ಅವನು ಪ್ರೊಕೋಪಿಯ ಪಕ್ಕದ ಸೀಟಿನಲ್ಲಿ ಎರಡು ಚಳಿಗಾಲ ಕೂತು ದಾರಿ ಕಲಿತವನು, ಈಗ ನಲವತ್ತು ದಾಟಿದ ಪಳಗಿದ ಚಾಲಕ.

"ಸತ್ತಿಲ್ಲ ಕಣಣ್ಣಾ! ನಿನ್ನ ಕಾಟಕ್ಕೇ ಸಾಯ್ತೀನಿ ಅಷ್ಟೆ. ಈಗ್ತಾನೆ ಕನಸಲ್ಲಿ ಅತ್ತೆ ಬಿಸಿಬಿಸಿ ಕುದುರೆ ಮಾಂಸ ಬಡಿಸ್ತಿದ್ರು, ಹಾಳು ಮಾಡ್ದೆ!"

"ನಿಮ್ಮತ್ತೆ ನಿನಗೆ ಬಡಿಸ್ತಾಳೆ ಅಂದ್ಮೇಲೆ ಅದು ಕನಸೇ ಬಿಡು. ಎದ್ದಿದೀಯಲ್ಲ, ಚಹಾ ಕೊಡು."

ಪ್ರೊಕೋಪಿಗೆ ಈ ಚಟ ಸುಮ್ಮನೆ ಹತ್ತಿದ್ದಲ್ಲ. ಇಪ್ಪತ್ತೇಳರ ವಯಸ್ಸಿನಲ್ಲಿ ಹೊಗೆ ಬಿಡುತ್ತಿದ್ದ ಒಂದು ಲಾರಿಯನ್ನು ನೋಡಿ, "ಮಲಗಿದಾನೆ" ಎಂದುಕೊಂಡು ಮುಂದೆ ಹೋಗಿದ್ದ. ಅವನ ಹಿಂದೆ ಬಂದ ಇನ್ನೂ ಮೂವರು ಹಾಗೆಯೇ ಹೋದರು. ಹೊಗೆ ಕ್ಯಾಬಿನ್ನಿನೊಳಕ್ಕೇ ಸೋರಿ ಆ ಚಾಲಕ ಎಂದೋ ತಣ್ಣಗಾಗಿದ್ದ, ಎಂಜಿನ್ ಮಾತ್ರ ಎರಡು ದಿನ ಓಡುತ್ತಲೇ ಇತ್ತು. ಹೊಗೆ ಲಾರಿಯ ಗುರುತೇ ಹೊರತು ಮನುಷ್ಯನದಲ್ಲ ಎಂದು ಅವತ್ತು ಅವನಿಗೆ ತಿಳಿಯಿತು. ತಿಳಿದದ್ದು ಮರೆಯಲಿಲ್ಲ, ಮರೆಸುವವರು ಬರುವವರೆಗೆ.

ಮರೆಸುವವರು ಒಂದು ಕಪ್ಪು ಡಬ್ಬಿ ಹಿಡಿದು ಬಂದರು. ಲಾರಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಎಷ್ಟು ಹೊತ್ತು ನಿಂತಿದೆ ಎಂದು ಪಟ್ಟಣದಲ್ಲಿರುವ ಕಂಪನಿಯ ಕಚೇರಿಗೆ ಹೇಳುವ ಡಬ್ಬಿ ಅದು. ಕಚೇರಿಯಲ್ಲಿ ಕೂತು ಅದನ್ನು ನೋಡುವ ಕೆಲಸ ರೊದಿಯೋನ್‌ನದು. ಒಂದು ಕಾಲಕ್ಕೆ ಅವನೂ ಇದೇ ದಾರಿಯಲ್ಲಿ ಲಾರಿ ಓಡಿಸಿದವನೇ. ಬೆನ್ನಿಗೆ ಕೋಣೆ ಕಾಯಿಸುವ ಬಿಸಿನೀರಿನ ಕೊಳವೆ ಸಿಕ್ಕಿದ ಮೇಲೆ ಮನುಷ್ಯನಿಗೆ ಏನೇನು ಮರೆತುಹೋಗುತ್ತದೆ ಎಂಬುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಬೇಡ.

"ಏನೋ ಪ್ರೊಕೋಪಿ, ಒಂದು ಟ್ರಿಪ್ಪಿಗೆ ಹದಿನಾಲ್ಕು ಸಲ ನಿಂತಿದೀಯ. ಏನ್ ಮಾರ್ತಿದ್ದೆ, ಡೀಸೆಲ್ಲಾ?"

"ಬಾಗಿಲು ಬಡೀತಿದ್ದೆ. ನಿಂಗೊತ್ತಿಲ್ವಾ? ನಿನ್ನ ಬಾಗಿಲೂ ಬಡಿದಿದೀನಲ್ಲೋ."

"ಆ ಕಾಲ ಹೋಯ್ತು. ಈಗ ಯಾರಿಗೇನಾದ್ರೂ ಇಲ್ಲೇ ಕಾಣ್ಸತ್ತೆ."

"ಏನ್ ಕಾಣ್ಸತ್ತೆ?"

"ಚುಕ್ಕಿ."

"ಚುಕ್ಕಿ ಉಸಿರಾಡ್ತಿದ್ಯೋ ಇಲ್ವೋ ಅಂತ್ಲೂ ಕಾಣ್ಸತ್ತಾ?"

ರೊದಿಯೋನ್ ಮುಖ ತಿರುಗಿಸಿದ. "ತತ್ವ ಹೇಳ್ಬೇಡ. ಇನ್ನೊಂದ್ಸಲ ಸುಮ್ಸುಮ್ನೆ ನಿಂತ್ರೆ ಕೀಲಿಕೈ ಮೇಜಿನ ಮೇಲಿಟ್ಟು ಮನೆಗ್ ಹೋಗು. ಯಜಮಾನ್ರ ಮಾತು ಇದು, ನಂದಲ್ಲ."

ಯಜಮಾನರ ಮಾತು ಯಾವ ಕಾಗದದ ಮೇಲೂ ಇರಲಿಲ್ಲ. ಇಂಥ ಮಾತುಗಳು ಎಲ್ಲಿಯೂ ಕಾಗದದ ಮೇಲೆ ಇರುವುದಿಲ್ಲ.

ಜನವರಿಯ ಮೂರನೇ ವಾರ ಪ್ರೊಕೋಪಿ ತಾಸ್‌ಕ್ಯೋಲ್ ಎಂಬ ಹಳ್ಳಿಗೆ ಹಿಟ್ಟಿನ ಮೂಟೆ ಹೇರಿಕೊಂಡು ಹೊರಟ. ಅವನದು ನಾಲ್ಕು ಗಾಲಿಗೂ ಎಳೆತವಿರುವ ಭಾರಿ ಲಾರಿ, ಎದೆಯೆತ್ತರದ ಟೈರು. ಗಾಲಿ ನಾಲ್ಕಲ್ಲ ನಲವತ್ತು ಎಳೆದರೂ ಮಂಜುಗಡ್ಡೆಯ ಮೇಲೆ ಬ್ರೇಕು ಒತ್ತಿದವನು ಉಳಿಯುವುದಿಲ್ಲ ಎಂದು ಅವನು ಹೊಸಬರಿಗೆ ಹೇಳುತ್ತಿದ್ದ. ದೊಡ್ಡ ಇಳಿಜಾರನ್ನು ಕಡಿಮೆ ಗೇರಿನಲ್ಲಿ, ಎಂಜಿನ್ನಿಗೇ ಲಗಾಮು ಕೊಟ್ಟು, ಬ್ರೇಕಿನಿಂದ ಕಾಲು ದೂರವಿಟ್ಟು ಇಳಿದ. ನದಿಯ ದಂಡೆಯಲ್ಲಿ ಕಿಟಕಿಯಿಂದ ಒಂದು ತುಂಡು ದೋಸೆಯಂಥ ರೊಟ್ಟಿ ಎಸೆದ. ಅಲ್ಲಿ ನದಿಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಜ್ಜಿ ಎನ್ನುತ್ತಾರೆ, ಅಜ್ಜಿಗೆ ಕೊಡದೆ ಅವಳ ಬೆನ್ನ ಮೇಲೆ ಹತ್ತುವುದಿಲ್ಲ. ಸೀಟುಪಟ್ಟಿ ಬಿಚ್ಚಿದ. ಹಾರಿಕೊಳ್ಳುವ ಹೊತ್ತು ಬಂದರೆ ಇರಲಿ ಎಂದು ಬಾಗಿಲನ್ನು ಅರ್ಧ ತೆರೆದಿಟ್ಟು, ನಡೆಯುವವನ ವೇಗದಲ್ಲಿ ಲಾರಿಯನ್ನು ಗಡ್ಡೆಯ ಮೇಲೆ ಬಿಟ್ಟ. ಅವಸರ ಮಾಡಿದರೆ ಗಡ್ಡೆಯ ಕೆಳಗಿನ ನೀರು ಅಲೆಯಾಗಿ ಎದ್ದು ಮುಂದಿನ ದಂಡೆಯ ಹತ್ತಿರ ಗಡ್ಡೆಯನ್ನೇ ಒಡೆದುಬಿಡುತ್ತದೆ. ಕೆಳಗೆಲ್ಲೋ ಗಡ್ಡೆ ನರಳಿತು, ಬಿರುಕಿನ ಸದ್ದು ಗಾಲಿಯ ಕೆಳಗಿಂದ ಓಡಿ ದೂರ ಹೋಯಿತು. ಚಳಿ ತೊಡೆಯನ್ನು ಕಚ್ಚಿತು. ನೆಲ ಸಿಕ್ಕಿದ ಮೇಲೆ ಬಾಗಿಲು ಹಾಕಿಕೊಂಡು ಉಸಿರು ಬಿಟ್ಟ.

ಹತ್ತು ನಿಮಿಷ ಹೋಗಿರಬೇಕು. ತಿರುವಿನಲ್ಲಿ, ಹಿಮದ ಮಬ್ಬಿನಲ್ಲಿ, ಎರ್ಚಿಮೆನ್‌ನ ಲಾರಿ ನಿಂತಿತ್ತು. ಹಿಂದೆ ಬಿಳಿ ಹೊಗೆ ನೆಟ್ಟಗೆ ಏಳುತ್ತಿತ್ತು. ಲಾರಿ ಹಿಮದ ಗುಡ್ಡೆಯ ಕಡೆಗೆ ಕೊಂಚ ವಾಲಿದಂತೆ ಕಂಡಿತು. ಮಧ್ಯಾಹ್ನ ಹನ್ನೆರಡೂ ಹತ್ತು.

ಪ್ರೊಕೋಪಿ ಆಕ್ಸಿಲರೇಟರಿನಿಂದ ಕಾಲು ತೆಗೆದ. ಲಾರಿ ನಿಧಾನವಾಯಿತು. ಆಗ ಅವನ ಕಣ್ಣು ಕಪ್ಪು ಡಬ್ಬಿಯ ಹಸಿರು ದೀಪದ ಮೇಲೆ ಬಿತ್ತು. ಈ ಐವತ್ತೇಳರ ವಯಸ್ಸಿನಲ್ಲಿ ತನಗೆ ಯಾರು ಬೇರೆ ಲಾರಿ ಕೊಡುತ್ತಾರೆ ಎಂಬ ಯೋಚನೆ ಬಂತು. ರಸ್ತೆಯಂಚಿನಲ್ಲಿ ನಿಲ್ಲಿಸಿದ್ದು ವಾಲದೆ ಇರುತ್ತದೆಯೇ ಎಂದುಕೊಂಡ. ಎರಡು ಸಲ ಹಾರ್ನ್ ಹೊಡೆದ. "ಮಲಗಿದಾನೆ" ಎಂದು ಬಾಯಿಬಿಟ್ಟು ಹೇಳಿಕೊಂಡ. ಮತ್ತೆ ಕಾಲು ಒತ್ತಿದ.

ಎರ್ಚಿಮೆನ್ ಮಲಗಿರಲಿಲ್ಲ. ಹಿಮದ ಗುಡ್ಡೆಯ ಕಡೆ, ರಸ್ತೆಗೆ ಕಾಣದ ಬದಿಯಲ್ಲಿ, ಹಿಂದಿನ ಗಾಲಿ ಬಿಚ್ಚಿಕೊಂಡಿದ್ದ. ಜ್ಯಾಕು ರಸ್ತೆಯ ಗಡ್ಡೆಯ ಮೇಲೆ ಜಾರಿ ಲಾರಿಯ ಭಾರವೆಲ್ಲ ಅವನ ಕಾಲಿನ ಮೇಲೆ ಇಳಿದಿತ್ತು. ಮರುದಿನ ರಸ್ತೆಯ ಹಿಮ ತೆಗೆಯುವ ಯಂತ್ರದವನು ನೋಡಿದಾಗ ಅವನ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಇತ್ತು, ಪಕ್ಕದಲ್ಲಿ ಬಿದ್ದಿದ್ದ ಗಾಲಿಯ ಕಬ್ಬಿಣದ ಮೇಲೆ ಸದ್ದಾಗಲೆಂದು ಹೊಡೆದ ಗುರುತು ತುಂಬಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು. ಡಬ್ಬಿಯ ಲೆಕ್ಕದಲ್ಲಿ ಲಾರಿ ನಿಂತಾಗ ಹನ್ನೊಂದೂ ಇಪ್ಪತ್ತು. ಎರಡು ಗಂಟೆ, ಹೆಚ್ಚೆಂದರೆ ಮೂರು ಗಂಟೆ ಜೀವ ಹಿಡಿದುಕೊಂಡಿದ್ದಾನು ಎಂದರು ಡಾಕ್ಟರು.

ಎಲ್ಲವನ್ನೂ ಕಾಣುವ ಡಬ್ಬಿ ಅವನ ಹೆಸರಿನ ಮುಂದೆ ಒಂದು ಸಾಲು ಬರೆದಿತ್ತು: ಅನುಮತಿಯಿಲ್ಲದ ನಿಲುಗಡೆ, ಇಪ್ಪತ್ತಾರು ಗಂಟೆ. ಇಪ್ಪತ್ತಾರು ಗಂಟೆ ಒಂದು ಚುಕ್ಕಿ ಕದಲದೆ ಕೂತಿದ್ದರೂ ಕಚೇರಿಯಲ್ಲಿ ಒಬ್ಬನ ಬುಡವೂ ಕುರ್ಚಿಯಿಂದ ಏಳಲಿಲ್ಲ. ವಿಚಾರಣೆಯಲ್ಲಿ ಕಂಪನಿಯವರು ಹೇಳಿದ್ದು ಇಷ್ಟು: ಒಬ್ಬನೇ ಲಾರಿಯಡಿ ಹೋದ, ಜ್ಯಾಕಿಗೆ ಆಧಾರ ಕೊಡಲಿಲ್ಲ, ತಪ್ಪು ಅವನದೇ. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ.

ರೊದಿಯೋನ್ ಪ್ರೊಕೋಪಿಯನ್ನು ಹೊರಗೆ ಕರೆದು ದನಿ ತಗ್ಗಿಸಿದ. "ಹನ್ನೆರಡೂ ಹತ್ತಕ್ಕೆ ನೀನು ಅಲ್ಲಿ ದಾಟಿದ್ದು ನನಗೊಬ್ಬನಿಗೇ ಗೊತ್ತು. ಅಳಿಸಿಬಿಡ್ತೀನಿ. ನಿಲ್ಬಾರ್ದು ಅಂತ ನಾವಂದಿದ್ದ ಮಾತು ನೀನೂ ಎತ್ಬೇಡ. ನಿನ್ನ ಲಾರಿ ನಿಂಗೇ ಇರತ್ತೆ."

ಪ್ರೊಕೋಪಿ ಹೋಗಿ ತನ್ನ ಲಾರಿ ಹತ್ತಿದ. ಮೂರು ದಿನ ಎಂದಿನಂತೆ ಓಡಿಸಿದ. ಅಷ್ಟು ದಿನ ಬೇಕಾಯಿತು ಎನ್ನುವುದನ್ನೂ ಇಲ್ಲಿ ಮುಚ್ಚಿಡಬೇಕಾಗಿಲ್ಲ. ನಾಲ್ಕನೆಯ ಬೆಳಿಗ್ಗೆ ಎರ್ಚಿಮೆನ್‌ನ ಮನೆಗೆ ಹೋದ.

ಬಾಗಿಲು ತೆಗೆದವಳು ಅವನ ಹೆಂಡತಿ ಅಕುಲಿನಾ. ಆ ಚಳಿಯಲ್ಲಿ ಯಾರನ್ನೂ ಹೊಸ್ತಿಲಲ್ಲಿ ನಿಲ್ಲಿಸಿ ಮಾತಾಡಿಸುವ ಪದ್ಧತಿಯಿಲ್ಲ. ಒಳಗೆ ಕೂರಿಸಿ ಹಾಲು ಹಾಕಿದ ಚಹಾ ಇಟ್ಟಳು. ಅವನು ಲೋಟ ಮುಟ್ಟದೆ ಎಲ್ಲ ಹೇಳಿದ. ಹೇಳುತ್ತಾ ಅತ್ತ. ಅವಳು ಅಳಲಿಲ್ಲ.

"ಹೊಗೆ ಬರ್ತಿತ್ತಾ?"

"ಬರ್ತಿತ್ತಮ್ಮಾ."

"ಊರಲ್ಲೆಲ್ಲಾ ಅವ್ರದ್ದೇ ತಪ್ಪು ಅಂತಿದಾರೆ. ನನ್ನ ಅತ್ತೆ, ಅವ್ರನ್ನ ಹೆತ್ತವ್ರು, ಅವ್ರೇ ಅಂತಿದಾರೆ, ಯಾಕ್ ಹೋಗಿ ಗಾಡಿ ಅಡಿ ನುಗ್ಗಿದ್ನೋ ಅಂತ." ಅವಳು ಎದ್ದು ಮಗಳ ಶಾಲೆಯ ಪುಸ್ತಕದಿಂದ ಒಂದು ಹಾಳೆ ಹರಿದು ಅವನ ಮುಂದಿಟ್ಟಳು. "ನನ್ನ ಮುಂದೆ ಅತ್ತು ಹಗುರ ಆಗೋಕೆ ಬಂದ್ರಾ ಪ್ರೊಕೋಪಣ್ಣಾ? ಆಗ್ಬೇಡಿ. ಬರೀರಿ."

ಬರೆದರೆ ಲಾರಿ ಹೋಗುತ್ತದೆ, ದಾರಿಯವರೆಲ್ಲರ ಕಣ್ಣಿನಲ್ಲಿ ಮಾನವೂ ಹೋಗುತ್ತದೆ. ಅವಳಿಗೂ ಅದು ಗೊತ್ತಿತ್ತು. ಪೆನ್ನು ಚಾಚಿಕೊಂಡೇ ನಿಂತಿದ್ದಳು.

ಪ್ರೊಕೋಪಿ ತೆಗೆದುಕೊಂಡ. ತಾರೀಖು, ಹೊತ್ತು, ನದಿಯಿಂದ ಎಷ್ಟು ದೂರ, ಎಲ್ಲ ಬರೆದ. ನಿಲ್ಲಬೇಡ ಎಂದವರು ಯಾರು, ಯಾವ ಕೋಣೆಯಲ್ಲಿ, ಯಾವ ಮಾತಿನಲ್ಲಿ ಎಂದು ಬರೆದ. ಲಾರಿ ವಾಲಿದ್ದು ಕಂಡಿತು ಎಂದು ಬರೆದ. ಕಂಡೂ ನಿಲ್ಲಿಸಲಿಲ್ಲ ಎಂದು ಬರೆದ. ಸಹಿ ಹಾಕಿ ಹಾಳೆಯನ್ನು ಅವಳ ಕಡೆ ತಳ್ಳಿದ.

ಅವಳು ನಿಂತೇ ಓದಿದಳು. ಎರಡನೆಯ ಸಲ ಓದಿದಳು.

"ಹಾರ್ನ್ ಹೊಡೆದೆ ಅಂದ್ರಲ್ಲ. ಅದು ಇದ್ರಲ್ಲಿಲ್ಲ."

"ಎರಡು ಸಲ ಹೊಡೆದೆನಮ್ಮಾ. ಅದ್ಯಾಕೆ..."

"ಬರೀರಿ ಅಣ್ಣಾ. ಗಾಡಿ ಅಡಿ ಇದ್ದ ಅವ್ರಿಗೆ ಅದು ಕೇಳ್ಸಿರತ್ತೆ."

ಪ್ರೊಕೋಪಿ ಹಾಳೆಯನ್ನು ಮತ್ತೆ ಎಳೆದುಕೊಂಡು, ಸಹಿಯ ಕೆಳಗೆ ಉಳಿದ ಜಾಗದಲ್ಲಿ, ಅದನ್ನೂ ಬರೆದ.