ಗೋಸುಂಬೆ ಬರುವ ಮೊದಲು

ಮಗಳು ಗೋಸುಂಬೆ ಸಾಕುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ. ಬೇಡ ಎಂದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಅವಳ ವಾದ ಕೇಳಬೇಕು. ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ, ವಾರ್ಡು ಎರಡನ್ನೂ ಮುಗಿಸಿ ಪುಚೊಂಗ್‌ನ ಮನೆಗೆ ಕಾರು ಓಡಿಸಿಕೊಂಡು ಬರುವಷ್ಟರಲ್ಲಿ ನನ್ನಲ್ಲಿ ಅಷ್ಟು ತ್ರಾಣ ಉಳಿದಿರುತ್ತಿರಲಿಲ್ಲ. ಗಂಡನ ಕೆಲಸ ಸಮುದ್ರದ ನಡುವಿನ ತೈಲಬಾವಿಯಲ್ಲಿ. ಒಂದು ತಿಂಗಳು ಅಲ್ಲಿದ್ದರೆ ಒಂದು ತಿಂಗಳು ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಉಡುಪಿಯಿಂದ ಈ ಪರದೇಶಕ್ಕೆ ಕರೆದುಕೊಂಡು ಬಂದಿದ್ದೆ. ಅವಳು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗಿನ ಹೆದ್ದಾರಿ ನೋಡುತ್ತಿದ್ದಳು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದಳು. ನಾನು ಅನ್ನಕ್ಕಿಡುತ್ತಿದ್ದೆ. ಗಂಡ ಸಮುದ್ರದಲ್ಲಿದ್ದಾಗ ಮೂರು ಜನರಿದ್ದ ಮನೆಯಲ್ಲಿ ಕುಕ್ಕರಿನ ಸದ್ದೇ ದೊಡ್ಡದಾಗಿತ್ತು.

“ಬೆಕ್ಕು ತರೋಣ್ವಾ?” ಎಂದು ಒಂದು ಮಾತು ಕೇಳಿ ನೋಡಿದೆ.

“ಕ್ಯಾಟ್ಸ್ ನೀಡ್ ಪೀಪಲ್, ಅಮ್ಮಾ. ದಿಸ್ ಒನ್ ಜಸ್ಟ್ ವಾಂಟ್ಸ್ ಟು ಬಿ ಲೆಫ್ಟ್ ಅಲೋನ್ ಲಾ,” ಎಂದಳು.

ತನ್ನ ಪಾಡಿಗೆ ಬಿಟ್ಟರೆ ಸಾಕು ಎನ್ನುವ ಪ್ರಾಣಿ. ಆ ಮಾತು ನನಗೆ ಹಿಡಿಸಿತು. ಆ ದಿನಗಳಲ್ಲಿ ನನಗೂ ಬೇಕಾಗಿದ್ದುದು ಹೆಚ್ಚುಕಡಿಮೆ ಅದೇ.

ಅಮ್ಮನಿಗೆ ಮಾತ್ರ ಇದು ಅರ್ಥವಾಗಲಿಲ್ಲ. “ಗೋಸುಂಬೆಯಾ? ಮನೆಯೊಳಗೆ? ಊರಲ್ಲಿ ಜನರನ್ನು ಬೈಲಿಕ್ಕೆ ಹೇಳುವ ಹೆಸರು ಮಾರಾಯ್ತಿ ಅದು,” ಎಂದು ಬಾಲ್ಕನಿಗೆ ಎದ್ದು ಹೋದಳು.

ಒಂದು ಪ್ರಾಣಿಯನ್ನು ಅದರ ಪಾಡಿಗೆ ಬಿಡಲು ಎಷ್ಟು ತಯಾರಿ ಬೇಕೆಂದು ನನಗೆ ಗೊತ್ತಿರಲಿಲ್ಲ. ಗಾಜಿನ ಪೆಟ್ಟಿಗೆ ಆಗದು, ಗಾಳಿಯಾಡುವ ಬಲೆಯ ಗೂಡೇ ಬೇಕು. ಅದು ನನ್ನ ಎದೆಯೆತ್ತರ ಇತ್ತು. ಮೈ ಕಾಯಿಸಿಕೊಳ್ಳಲು ಒಂದು ಬಲ್ಬು, ಮೂಳೆ ಗಟ್ಟಿಯಾಗಲು ಬಿಸಿಲಿನಂಥ ಬೆಳಕು ಕೊಡುವ ಒಂದು ಟ್ಯೂಬು. ಒಳಗೆ ಪ್ಲಾಸ್ಟಿಕ್ ಎಲೆಯಲ್ಲ, ನಿಜವಾದ ಗಿಡ. ಪಕ್ಕದ ಮನೆಯ ತಮಿಳು ಅಕ್ಕ ತಮ್ಮ ದಾಸವಾಳದ ಕುಂಡವನ್ನೇ ಕೊಟ್ಟರು. ಹಾಲಿನ ಎಸಿಯ ಗಾಳಿ ನೇರ ಗೂಡಿಗೆ ಬಡಿಯುತ್ತದೆಂದು ಎಸಿ ನಿಂತಿತು. ಕೆಲಸದಿಂದ ಬಂದು ಸೋಫಾದ ಮೇಲೆ ಬಿದ್ದುಕೊಂಡರೆ ಬೆನ್ನು ಬೆವರಿಗೆ ಅಂಟುತ್ತಿತ್ತು. ಯಾರಿಗೋಸ್ಕರ ಎಂದರೆ, ಇನ್ನೂ ಬಾರದ ಒಂದು ಪ್ರಾಣಿಗೋಸ್ಕರ.

ಬಾರದ್ದಕ್ಕೆ ಕಾರಣವಿತ್ತು. ಇಲ್ಲಿ ಅಂಥ ಪ್ರಾಣಿ ಸಾಕಲು ಸರ್ಕಾರದ ಪರವಾನಗಿ ಬೇಕು, ಅದು ತಡವಾಗುತ್ತಿತ್ತು. “ಗೂಡು ರೆಡಿ ಮಾಡಿ, ದಿನಾ ನಡೆಸಿ ನೋಡಿ. ಬಿಸಿ, ತೇವ ಎಲ್ಲ ಸರಿಹೋದ ಮೇಲೇ ತಗೊಂಡು ಹೋಗಿ,” ಎಂದು ಮಾರುವವನೂ ಹೇಳಿದ್ದ. ಹಾಗಾಗಿ ನಾವು ಖಾಲಿ ಗೂಡಿನ ಚಾಕರಿ ಶುರುಮಾಡಿದೆವು. ಬೆಳಿಗ್ಗೆ ಬಲ್ಬು ಹಾಕುವುದು, ಗಿಡಕ್ಕೆ ನೀರು ಚಿಮುಕಿಸುವುದು, ಸಂಜೆ ಎಲ್ಲ ಆರಿಸುವುದು. ಮಗಳು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಮರೆತರೆ ನಾನು, ನಾನು ಮರೆತರೆ ಯಾರೂ ಇಲ್ಲ.

ಕೊನೆಗೆ ಉಳಿದದ್ದು ನೀರಿನ ಪ್ರಶ್ನೆ. ಗೋಸುಂಬೆ ಬಟ್ಟಲಿನಲ್ಲಿ ಇಟ್ಟ ನೀರು ಕುಡಿಯುವುದಿಲ್ಲ. ನಿಂತ ನೀರು ಅದಕ್ಕೆ ನೀರೇ ಅಲ್ಲ. ಎಲೆಯ ಮೇಲೆ ಹನಿ ಬಿದ್ದು ಅಲುಗಿದರೆ ಮಾತ್ರ ನೆಕ್ಕುತ್ತದೆ. ಅದಕ್ಕೊಂದು ಯಂತ್ರ ಸಿಗುತ್ತದಂತೆ. ಇನ್ನೊಂದು ಅಂಗಡಿ ಹುಡುಕುವಷ್ಟು ಸಹನೆ ನನಗಿರಲಿಲ್ಲ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕಲಿಯಲು ಬಿಚ್ಚಿ ಬಳಸಿದ ಡ್ರಿಪ್ ಸೆಟ್ಟುಗಳನ್ನು ಆಮೇಲೆ ಎಸೆಯುತ್ತಾರೆ. ಕೇಳಿ ಒಂದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಗೂಡಿನ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ನೀರಿನ ಬಾಟಲಿ ತಲೆಕೆಳಗಾಗಿ ತೂಗುಹಾಕಿದೆ. ಪೈಪನ್ನು ದಾಸವಾಳದ ಎಲೆಗಳ ಮೇಲಕ್ಕೆ ಇಳಿಬಿಟ್ಟೆ. ದಿನಾ ಮಾಡುವ ಕೆಲಸ, ಕೈ ತಾನಾಗಿ ನಡೆಯಿತು. ಹನಿ ಬೀಳತೊಡಗಿತು.

ಅಮ್ಮ ಸಂಜೆಯ ದೀಪ ಹಚ್ಚಿ ಹಾಲಿಗೆ ಬಂದವಳು ಅದನ್ನು ನೋಡಿದಳು. ಬಾಟಲಿಯಿಂದ ಪೈಪಿಗೆ, ಪೈಪಿನಿಂದ ಎಲೆಗೆ ಅವಳ ಕಣ್ಣು ಇಳಿಯಿತು. ಅಡುಗೆಮನೆಗೆ ತಿರುಗಿ ಹೋದಳು. ಅಂದು ಊಟಕ್ಕೂ ಹಾಲಿಗೆ ಬರಲಿಲ್ಲ. ಅಲ್ಲೇ ನಿಂತುಕೊಂಡು ಎರಡು ತುತ್ತು ತಿಂದಳು.

ನನಗೆ ಹೊಳೆದದ್ದು ತಟ್ಟೆ ತೊಳೆಯುವಾಗ. ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಬದಿಗೆ ಸ್ಟೂಲು ಹಾಕಿಕೊಂಡು ಕೂತಿದ್ದವಳು ಅವಳು. ಮಾತು ನಿಂತ ಅಪ್ಪನ ಪಕ್ಕದಲ್ಲಿ ಅವಳಿಗೆ ನೋಡಲು ಇದ್ದದ್ದು ಆ ಹನಿಯೊಂದೇ.

“ತೆಗೀತೇನೆ ಅಮ್ಮ. ಬೇರೆ ಏನಾದ್ರೂ ಮಾಡ್ತೇನೆ,” ಎಂದೆ.

“ಬೇಡ. ಇರ್ಲಿ,” ಎಂದಳು. ತೊಳೆದ ತಟ್ಟೆಯನ್ನು ಒರೆಸಿಡುತ್ತಾ, “ಅದಕ್ಕೆ ಕುಡೀಲಿಕ್ಕೆ ಬೇಕಲ್ವಾ,” ಎಂದಳು.

ಮರುದಿನ ನಾನು ಬಂದಾಗ ಅವಳ ಕುರ್ಚಿ ಬಾಲ್ಕನಿಯಲ್ಲಿರಲಿಲ್ಲ, ಗೂಡಿನ ಎದುರಿಗಿತ್ತು. ಪೈಪಿನ ಗಾಲಿಯ ಮೇಲೆ ಹೆಬ್ಬೆರಳಿಟ್ಟು ಅವಳು ಹನಿಯನ್ನು ನಿಧಾನ ಮಾಡುತ್ತಿದ್ದಳು.

“ನೀನು ಜೋರು ಬಿಟ್ಟಿದ್ದಿ. ಅಡಿಯಲ್ಲೆಲ್ಲ ನೀರು ನಿಂತಿತ್ತು. ನಿನ್ನಪ್ಪನಿಗೂ ಜೋರು ಬಿಟ್ಟರೆ ಕೈ ಊದುತ್ತಿತ್ತು. ನರ್ಸ್ ಹುಡುಗಿ ನನಗೆ ಹೇಳಿಕೊಟ್ಟಿದ್ಳು.”

ಅಪ್ಪ ಹೋದ ಮೇಲೆ ಆಸ್ಪತ್ರೆಯ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ನಾನು ಚಪ್ಪಲಿ ಸಹ ಬಿಚ್ಚದೆ ಬಾಗಿಲ ಬಳಿ ನಿಂತಿದ್ದೆ. ಆ ಹುಡುಗಿ ಯಾವ ಊರಿನವಳು, ಅಪ್ಪ ಮಾತು ನಿಲ್ಲುವ ಮೊದಲು ಯಾವ ದಿನ ಕಣ್ಣು ಬಿಟ್ಟು ಚಹಾ ಕೇಳಿದ್ದರು, ಕೊಡಬಾರದೆಂದು ಡಾಕ್ಟರು ಹೇಳಿದ್ದರಿಂದ ಅವಳು ಹತ್ತಿಯನ್ನು ಚಹಾದಲ್ಲಿ ಅದ್ದಿ ಅವರ ತುಟಿಗೆ ಸವರಿದ್ದು, ಎಲ್ಲವನ್ನೂ ಖಾಲಿ ಗೂಡಿನ ಕಡೆ ಮುಖ ಮಾಡಿಯೇ ಹೇಳಿದಳು. ಮಗಳು ಕೋಣೆಯಿಂದ ಹೊರಗೆ ಬಂದು ನೆಲದ ಮೇಲೆ ಕೂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಬಾಯಿಗೆ ಮಾತ್ರ ಬರುವುದಿಲ್ಲ. “ಡಿಡ್ ತಾತಾ ಲೈಕ್ ಇಟ್?” ಎಂದು ಕೇಳಿದಳು.

“ತುಟಿ ಚೀಪಿದರು,” ಎಂದಳು ಅಮ್ಮ.

ಪರವಾನಗಿ ಬಂತು. ಒಂದು ಶನಿವಾರ ಮಗಳು ರಂಧ್ರಗಳಿದ್ದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದಳು. ಗೋಸುಂಬೆ ನನ್ನ ಅಂಗೈಗಿಂತ ಸ್ವಲ್ಪ ಉದ್ದವಿತ್ತು. ಗೂಡಿನ ಬಾಗಿಲಲ್ಲಿ ಡಬ್ಬಿ ತೆರೆದಿಟ್ಟು ನಾವು ದೂರ ನಿಂತೆವು. ಬಹಳ ಹೊತ್ತಿನ ಮೇಲೆ ಅದು ಒಂದು ಕಾಲು ಮುಂದಿಟ್ಟು, ಹಿಂದೆ ತೂಗಿ, ಮತ್ತೆ ಮುಂದಿಟ್ಟು ಗಿಡವೇರಿತು. ಎಲೆಗಳ ಹಿಂದೆ ಹೋದದ್ದೇ ಮೈಯೆಲ್ಲ ಕಪ್ಪು ಮಾಡಿಕೊಂಡು ಅಲ್ಲಾಡದೆ ಕೂತುಬಿಟ್ಟಿತು. ಬಣ್ಣಬಣ್ಣದ ಚಿತ್ರ ನೋಡಿದ್ದ ನನಗೆ ಅದು ಒಣಗಿದ ಎಲೆಯಂತೆ ಕಂಡಿತು.

ತಿನ್ನಲಿಲ್ಲ. ಆಹಾರಕ್ಕೆಂದು ಗೂಡಿನೊಳಗೆ ಬಿಟ್ಟ ಜೀರುಂಡೆಗಳಲ್ಲಿ ಒಂದೆರಡು ತಪ್ಪಿಸಿಕೊಂಡು ಸೋಫಾದ ಕೆಳಗೆ ಕಿರ್‌ಗುಟ್ಟಿದವು. ಮರುದಿನವೂ ನೀರು ಕುಡಿದ ಹಾಗೆ ಕಾಣಲಿಲ್ಲ. ಮಾರಿದವನಿಗೆ ಫೋನು ಮಾಡಿದರೆ, “ಹೆದರಿದೆ. ಯಾರೂ ಹತ್ತಿರ ಹೋಗಬೇಡಿ,” ಎಂದ. ಗೂಡಿನ ಎರಡು ಬದಿಗೆ ಅಮ್ಮನ ಹಳೆಯ ಸೀರೆ ಇಳಿಬಿಟ್ಟು ಹಾಲನ್ನೇ ಅದಕ್ಕೆ ಬಿಟ್ಟುಕೊಟ್ಟೆವು. ಮಗಳು ಅತ್ತಳು. ಸಮಾಧಾನ ಹೇಳುವ ಬದಲು ನಾನು ಅನ್ನಕ್ಕಿಡಲು ಎದ್ದೆ. ವಾರ್ಡಿನಲ್ಲಿ ಇಡೀ ದಿನ ಬೇರೆಯವರಿಗೆ ಅದನ್ನೇ ಹೇಳಿ ಬಂದಿರುತ್ತೇನೆ.

ಸೋಮವಾರ ಕೆಲಸ ಮುಗಿಸಿ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಪಕ್ಕದಲ್ಲಿ ಮಗಳು, ಇನ್ನೂ ಶಾಲೆಯ ಬಟ್ಟೆಯಲ್ಲಿ.

“ಕುಡೀತು ಮಾರಾಯ್ತಿ! ಮಧ್ಯಾಹ್ನ. ನಾನು ಸೀರೆಯ ಸಂದಿಯಿಂದ ನೋಡ್ತಾ ಇದ್ದೆ. ಮೊದಲು ಒಂದು ಕಣ್ಣು ಹನಿಯ ಕಡೆ ತಿರುಗಿತು. ಇನ್ನೊಂದು ನನ್ನ ಕಡೆ. ಆಮೇಲೆ ಬಾಯಿ ಹಾಕಿತು.”

“ಅಜ್ಜಿ, ಹೌ ಲಾಂಗ್?” ಎಂದಳು ಮಗಳು. ಅದಾಗಲೇ ಎಷ್ಟು ಸಲ ಕೇಳಿದ್ದಳೋ.

“ಸುಮಾರು ಹೊತ್ತು. ಗಂಟಲು ಹೀಗೆ ಹೀಗೆ ಅಲ್ಲಾಡಿತು,” ಎಂದು ಅಮ್ಮ ತನ್ನ ಗಂಟಲನ್ನೇ ಮುಟ್ಟಿ ತೋರಿಸಿದಳು.

ನಾನು ಚೀಲ ಕೆಳಗಿಟ್ಟು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ. ಎದ್ದು ಹೋಗಿ ನೋಡಬೇಕೆನ್ನಿಸಲಿಲ್ಲ. ನೋಡಿದರೆ ಅದು ಮತ್ತೆ ಕಪ್ಪಗಾದೀತು. “ಹೋಟೆಲಿಂದ ಊಟ ತಪಾವ್ ಕಟ್ಟಿಸಿಕೊಂಡು ತರೋಣ್ವಾ ಇವತ್ತು?” ಎಂದೆ. ಅಮ್ಮ ಬೇಡವೆಂದಳು, ಗಂಜಿ ಆಗಿದೆಯಂತೆ. ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ಕೂತು, ದನಿ ತಗ್ಗಿಸಿ ಮಾತಾಡುತ್ತಾ ಗಂಜಿ ಉಂಡೆವು.