ಜಯರಾಮಣ್ಣನ ಕೆಂಪು ಮುಖ

ಕೋವಿಡ್ ಹಾವಳಿ ಮುಗಿದು ಮುಂಬಯಿಯಲ್ಲಿ ಮದುವೆಗಳು ಮತ್ತೆ ಜೋರಾಗಿ ನಡೆಯತೊಡಗಿದ್ದ ಕಾಲ. ಆಗ ನಾನು ಅಂಧೇರಿ ಸ್ಟೇಷನ್ನಿನ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಚರ್ಮರೋಗ ತಜ್ಞೆಯಾಗಿದ್ದೆ. ನಮ್ಮ ಪಾಲಿಗೆ ಜನವರಿ ಎಂದರೆ ದಣಿದ ಮುಖಗಳ ತಿಂಗಳು. ದೀಪಾವಳಿಯಿಂದ ವರ್ಷದ ಕೊನೆಯವರೆಗೆ ಮದುವೆ, ಪಾರ್ಟಿ, ಸಿಹಿ, ಮದ್ಯ, ನಿದ್ದೆಗೇಡು ಎಲ್ಲ ಮುಗಿಸಿ ಬಂದವರಿಗೆ ವಾರದೊಳಗೆ ಮುಖ ಹೊಳೆಯಬೇಕು. ಚೆನ್ನಾಗಿ ನಿದ್ದೆ ಮಾಡಿ, ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿ ಎಂದರೆ, ಇಷ್ಟಕ್ಕೂ ಫೀಸು ಕೊಡಬೇಕೇ ಎಂಬಂತೆ ನೋಡುತ್ತಾರೆ.

ಜಯರಾಮಣ್ಣ ಬಂದದ್ದು ಮಾತ್ರ ಏಪ್ರಿಲಿನಲ್ಲಿ. ಪಕ್ಕದ ರಸ್ತೆಯ ಉಡುಪಿ ಹೋಟೆಲಿನ ಮಾಲೀಕರು, ಐವತ್ತು ದಾಟಿದವರು. ಮುಖಕ್ಕೆ ಅಡ್ಡ ಹಿಡಿದಿದ್ದ ಕರ್ಚೀಫು ಸರಿಸಿದರು. ಮುಖ ಬೇಯಿಸಿದ ಸಿಗಡಿಯ ಹಾಗೆ ಕೆಂಪಗಿತ್ತು. ಕೆನ್ನೆಯ ಮೇಲೆ ರಕ್ತನಾಳಗಳು ಗೆರೆಗೆರೆಯಾಗಿ ಕಾಣುತ್ತಿದ್ದವು.

"ಮುಖಕ್ಕೆ ಏನು ಹಚ್ಚುತ್ತಿದ್ದಿರಿ?"

"ಎಂಥದ್ದೂ ಇಲ್ಲ."

ನಾನು ದೀಪವನ್ನು ಅವರ ಕೆನ್ನೆಯ ಹತ್ತಿರಕ್ಕೆ ಎಳೆದೆ. ಕೊನೆಗೆ ಕಿಸೆಯಿಂದ ಮುದುಡಿದ ಟ್ಯೂಬೊಂದು ಹೊರಬಂತು. ಹೋಟೆಲಿನ ಅಡುಗೆಮನೆಯಲ್ಲಿ ಸದಾ ಒದ್ದೆಯಲ್ಲೇ ನಿಲ್ಲುವ ಕೆಲಸಗಾರರಿಗೆ ತೊಡೆಸಂದಿನಲ್ಲಿ ತುರಿಕೆ ಏಳುತ್ತದೆ. ಅದಕ್ಕೆಂದು ಮೆಡಿಕಲ್ ಅಂಗಡಿಯವರು ಚೀಟಿಯಿಲ್ಲದೆ ಕೊಡುವ ಕ್ರೀಮು ಅದು. ಅದರಲ್ಲಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ದೋಸೆ ಭಟ್ಟರೊಬ್ಬರು ಕುತ್ತಿಗೆಗೆ ಹಚ್ಚಿಕೊಂಡ ಜಾಗ ಬೆಳ್ಳಗಾದದ್ದನ್ನು ಕಂಡು ಇವರಿಗೆ ಆಸೆ ಹುಟ್ಟಿತ್ತು.

ಆ ಮದುವೆ ಸೀಸನ್ನಿನಲ್ಲಿ ಜಯರಾಮಣ್ಣ ಚೆನ್ನಾಗಿಯೇ ಕುಡಿದಿದ್ದರಂತೆ. ಹೊಸ ವರ್ಷಕ್ಕೆ ಹೆಂಡತಿ ವಾರಿಜಕ್ಕ ಊರ ದೈವದ ಹೆಸರಿನಲ್ಲಿ ಕಾಣಿಕೆ ಎತ್ತಿಡಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದರು. ಇವರು ನಿಜವಾಗಿಯೂ ಬಿಟ್ಟರು. ಆದರೆ ಬಾತುಕೊಂಡ ಮುಖ ಹಾಗೆಯೇ ಉಳಿದಾಗ ಗುಟ್ಟಾಗಿ ಕ್ರೀಮು ಹಚ್ಚಿದರು. ಹತ್ತೇ ದಿನದಲ್ಲಿ ಮುಖ ಥಳಥಳ. ಕುಡಿತ ಬಿಟ್ಟದ್ದರ ಫಲವೆಂದು ವಾರಿಜಕ್ಕ ಸಿಕ್ಕಿದವರಿಗೆಲ್ಲ ತೋರಿಸಿದರು. ಅಲ್ಲಿಗೆ ಇವರ ಬಾಯಿ ಕಟ್ಟಿಹೋಯಿತು.

ಸ್ಟಿರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಚರ್ಮವನ್ನು ಬೆಳ್ಳಗೆ ಕಾಣುವಂತೆ ಮಾಡುತ್ತದೆ, ಒಳಗೊಳಗೇ ತೆಳುವಾಗಿಸುತ್ತದೆ. ಬಿಟ್ಟೊಡನೆ ನಾಳಗಳು ಹಿಗ್ಗಿ ಮುಖ ಉರಿಯುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಇವರು ನಾಲ್ಕು ದಿನ ಬಿಟ್ಟು ನೋಡಿದ್ದರು; ಈಗಿನ ಕೆಂಪು ಅದರದ್ದೇ.

"ಕೆಂಪು ಮುಖ ನೋಡಿ ಹೆಂಡತಿ ಹತ್ತಿರ ಬಂದು ಬಾಯಿ ಮೂಸ್ತಾಳೆ ಡಾಕ್ಟ್ರೇ. ವಾಸನೆ ಇಲ್ಲದಿದ್ರೂ ನಂಬುದಿಲ್ಲ. ಕುಡ್ದದ್ದು ಗೊತ್ತಾದ್ರೆ ಬೊರಿವಲಿಗೆ, ಅಕ್ಕನ ಮನೆಗೆ ಹೋಗ್ತೇನೆ ಹೇಳಿದ್ದಾಳೆ. ಹೇಳಿದ್ರೆ ಹೋಗುವವಳೇ."

"ಕ್ರೀಮಿನ ವಿಷಯ ಹೇಳಿಬಿಡಿ."

"ಹುಡುಗರ ತುರಿಕೆ ಮದ್ದು ಮುಖಕ್ಕೆ ಹಾಕಿದೆ ಅಂತ ಹೇಗೆ ಹೇಳುದು ಮಾರಾಯ್ರೇ, ಈ ವಯಸ್ಸಿಗೆ? ನೀವೂ ಯಾರಿಗೂ ಹೇಳ್ಬಾರ್ದು."

ಸಿಕ್ಕಿಬಿದ್ದಿದ್ದರು ಪಾಪ. ಕ್ರೀಮು ಹಚ್ಚಿದರೆ ಸತ್ಯವಂತನ ಮುಖ, ನನ್ನ ಚಿಕಿತ್ಸೆ ಪಡೆದರೆ ಕುಡುಕನ ಮುಖ. ಕ್ರೀಮು ಪೂರ್ತಿ ನಿಲ್ಲಿಸಿ, ಉರಿಗೆ ಬೇರೆ ಮದ್ದು ಬರೆದೆ. ಬಿಸಿಲಿಗೂ ಒಲೆಯ ಕಾವಿಗೂ ಕೆಂಪು ಇನ್ನಷ್ಟು ಏರಿತು. ಹಾಲಿನವನು, ತರಕಾರಿಯವನು ಎಲ್ಲರೂ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕಣ್ಣು ಮಿಟುಕಿಸತೊಡಗಿದರು. ಮುಂದಿನ ಭೇಟಿಯಲ್ಲಿ ಮುಖ ಬೆಳ್ಳಗಿತ್ತು. ಕದ್ದು ಹಚ್ಚಿದ್ದರು. ನಾನು ಚೆನ್ನಾಗಿ ಬೈದು, ಮೊದಲಿಂದ ಶುರು ಮಾಡಿಸಿದೆ.

ಎರಡು ವಾರದ ನಂತರ ವಾರಿಜಕ್ಕ ನಾನು ಬರೆದ ಮದ್ದಿನ ಚೀಟಿ ಹಿಡಿದು ಒಬ್ಬರೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮವರು ಕುಡೀತಾರಾ ಇಲ್ವಾ? ನಿಮಗೆ ಗೊತ್ತುಂಟು. ಬ್ಯಾಗ್ ಕಟ್ಟಿ ಆಗಿದೆ."

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಆದರೆ ಹಾಗಾದರೆ ಮುಖವೇಕೆ ಕೆಂಪು ಎಂದು ಮರುಕ್ಷಣವೇ ಕೇಳುತ್ತಿದ್ದರು. ರೋಗಿಯ ಗುಟ್ಟು ನನ್ನದಲ್ಲ. ಅವರೆದುರೇ ಜಯರಾಮಣ್ಣನಿಗೆ ಫೋನ್ ಮಾಡಿದೆ. "ನಿಮ್ಮ ಮನೆಯವರು ಇಲ್ಲಿದ್ದಾರೆ. ಹೇಳುವುದನ್ನು ನೀವೇ ಬಂದು ಹೇಳಿ."

ಬಂದರು. ಹೆಂಡತಿಯ ಮುಖ ನೋಡದೆ ಟ್ಯೂಬನ್ನು ಮೇಜಿನ ಮೇಲಿಟ್ಟರು.

"ಇದು ಕಿಚನ್ ಹುಡುಗರದ್ದಲ್ವಾ?"

"ಹೌದು. ಮುಖಕ್ಕೆ ಹಾಕಿದ್ದೆ. ಜನವರಿಯಿಂದ."

ವಾರಿಜಕ್ಕನಿಗೆ ಮೊದಲು ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಲೇ ಅಳು ಬಂತು. "ಕುಡಿಯುದು ಬಿಟ್ಟದ್ದಕ್ಕೆ ಹೊಳೀತದೆ ಅಂತ ನಾನು ಊರಿಡೀ ಹೇಳಿದ್ದಲ್ವಾ!"

"ಅದಕ್ಕೇ ಹೇಳ್ಲಿಕ್ಕೆ ಆಗ್ಲಿಲ್ಲ ನಂಗೆ."

ವಾರಿಜಕ್ಕ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ಇನ್ನೆಷ್ಟು ಸಮಯ ಹೀಗೆ ಕೆಂಪಿರ್ತದೆ?"

"ಮಳೆಗಾಲದವರೆಗಾದರೂ ಇರಬಹುದು."

"ಇರ್ಲಿ" ಎಂದು ಟ್ಯೂಬನ್ನು ನನ್ನ ಕಸದ ಬುಟ್ಟಿಗೆ ಎಸೆದರು.

ಮುಂದಿನ ವಾರ ಆ ಹೋಟೆಲಿಗೆ ಕಾಫಿಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಜಯರಾಮಣ್ಣನ ಪಕ್ಕದಲ್ಲೇ ವಾರಿಜಕ್ಕನೂ ಕುಳಿತಿದ್ದರು. ಗಿರಾಕಿಯೊಬ್ಬ ಜಯರಾಮಣ್ಣನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ವಾರಿಜಕ್ಕ ಇಡೀ ಹೋಟೆಲಿಗೆ ಕೇಳುವಂತೆ ಹೇಳಿದರು: "ಮದ್ದಿನ ರಿಯಾಕ್ಷನ್. ಕುಡ್ದದ್ದಲ್ಲ. ನಿಮ್ಮದು ಇಡ್ಲಿಯಾ, ವಡೆಯಾ?"

ಜಯರಾಮಣ್ಣ ಕರ್ಚೀಫು ಮಡಚಿ ಕಿಸೆಗೆ ಹಾಕಿಕೊಂಡರು. ನವರಾತ್ರಿಯ ಹೊತ್ತಿಗೆ ಮುಖ ಮೊದಲಿನಂತಾಯಿತು.

ಕೆಟ್ಟ ಚರ್ಮ ಸಮಯ ಕೊಟ್ಟರೆ ಬಹುಮಟ್ಟಿಗೆ ತಾನೇ ಸರಿಯಾಗುತ್ತದೆ. ಅಲ್ಲಿಯವರೆಗೆ ಆ ಮುಖ ಹೊತ್ತು ನಾಲ್ಕು ಜನರ ನಡುವೆ ಕೂರುವುದೇ ಕಷ್ಟ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಹಾಗಾಗಿ ಇಂಥ ಮುಖ ಹೊತ್ತು ಬಂದವರನ್ನು, ಯಾವ ಕ್ರೀಮು ಎಂದು ಕೇಳುವ ಮೊದಲೇ ಕೇಳುತ್ತೇನೆ: "ಮನೆಯಲ್ಲಿ ಯಾರಿಗೆ ಗೊತ್ತಿದೆ?"