ಲೆಕ್ಕಕ್ಕೆ ಸಿಗದ ಹಸು

ಗಾವಡಗೆರೆ ಕಡೆ ದೊಡ್ಡರೋಗ ಬಂದು ದನ ಸತ್ತ ವರ್ಷ, ಸರ್ಕಾರದ ಪರಿಹಾರ ಹಂಚೋಕೆ ನನ್ನನ್ನು ಕಳಿಸಿದರು. ಹಿಂದಿನ ದನಗಣತಿಯಲ್ಲಿ ಬರೆದುಕೊಂಡ ದನಕ್ಕೆ ಮಾತ್ರ ಪರಿಹಾರ ಅಂತ ರೂಲು. ಆ ಗಣತಿ ಬರೆದ ಮಹಾನುಭಾವನೂ ನಾನೇ.

ಪುಟ್ಟಮ್ಮ ಅನ್ನೋ ಹೆಂಗಸು ಹಸು ಹೂತ ಗುಂಡಿ ತೋರಿಸಿದಳು. ನನ್ನ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಸೊನ್ನೆ ಇತ್ತು.

"ಇಲ್ಲದ ಹಸು ಹೆಂಗಮ್ಮ ಸಾಯ್ತದೆ?" ಅಂದೆ.

"ಎಣಿಸಿದ್ರೆ ದೃಷ್ಟಿ ಆಯ್ತದೆ ಅಂತ ಹಿತ್ಲಲ್ಲಿ ಬಚ್ಚಿಟ್ಟಿದ್ದೆ ಕಣ್ ಸ್ವಾಮಿ."

"ಹಾಗಾದರೆ ನಾನೇನೂ ಮಾಡೋಕಾಗಲ್ಲ."

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅವತ್ತು ನಮ್ಮ ಜಗ್ಲಿ ಮ್ಯಾಲೆ ಕುಂತು ಎಲ್ಡು ಲೋಟ ಮಜ್ಜಿಗೆ ಕುಡುದ್ರಲ್ಲಾ, ಅದೇನು ನಮ್ಮ ಕೋಳಿ ಕೊಡ್ತಾ?"

ನಾನು ಸೊನ್ನೆಯನ್ನು ಒಂದು ಮಾಡಿ, ಹೆಬ್ಬೆಟ್ಟು ಒತ್ತಿಸಿಕೊಂಡೆ.

ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ಗಣತಿಗೆ ಹೋದಾಗ ದೃಷ್ಟಿಯ ಭಯ ಯಾರಿಗೂ ಇರಲಿಲ್ಲ, ಕೊಟ್ಟಿಗೆಗಳೆಲ್ಲ ತುಂಬಿದ್ದವು. ಕೊಂಬು ಮುರಿದ ಎತ್ತೊಂದನ್ನು ಮೊದಲನೇ ಮನೆಯಲ್ಲಿ ಬರೆದುಕೊಂಡೆ. ಎರಡನೇ ಮನೆಯಲ್ಲೂ ಬರೆದುಕೊಂಡೆ. ಮೂರನೇ ಮನೆಯಲ್ಲಿ ಅದೇ ನನ್ನನ್ನು ನೋಡಿ, ಹಳೇ ಪರಿಚಯದವರ ಹಾಗೆ ತಲೆ ಆಡಿಸಿತು.